ಕೋಲನ ಕೊನೆಯ ಹೊಗೆ

ಐಲಾ ದ್ವೀಪ
ಮಂಗಳವಾರ, 23 ಆಗಸ್ಟ್ 1994

ಪ್ರೀತಿಯ ಶೋನಾ,

ಈ ಕಾಗದ ಕೈಗೆ ಬಂದಾಗ ಉನಾ ಪಕ್ಕದಲ್ಲಿದ್ದರೆ ಮಡಚಿ ಜೇಬಿಗೆ ಹಾಕಿಕೊ. ಅವಳು ಹೊರಗೆ ಹೋದ ಮೇಲೆ ಓದು. ಮದುವೆಮನೆಗೆ ಬರುವ ಕಾಗದ ಹೀಗೆ ಶುರುವಾಗಬಾರದು ಅಂತ ನನಗೂ ಗೊತ್ತು. ಕ್ಷೇಮ ಸಮಾಚಾರದಿಂದ ಶುರುಮಾಡೋಣವೆಂದು ಎರಡು ಹಾಳೆ ಬರೆದು ಹರಿದೆ. ಹವೆ ಚೆನ್ನಾಗಿದೆ, ಕುರಿಗಳು ಚೆನ್ನಾಗಿವೆ, ನನ್ನ ಮೊಣಕಾಲು ಎಂದಿನಂತೆ ಹಾಳಾಗಿದೆ. ಅಷ್ಟು ಸಾಕು.

ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಿದ್ದೆ. ಭಾನುವಾರ ಚರ್ಚಿನಿಂದ ಬಂದವಳು ಕೋಟು ಕೂಡ ಬಿಚ್ಚದೆ ಫೋನ್ ಎತ್ತಿದ್ದೆ. ನೀನೇ ತೆಗೆದುಕೊಂಡೆ. "ಅತ್ತಿಗೆ, ಮದುವೆಗೆ ಟೋಪಿ ತಗೊಂಡ್ರಾ? ನೀಲಿದಾ? ಅಯ್ಯೋ, ನಂದೂ ನೀಲೀನೇ. ಇಬ್ರೂ ಬ್ಯಾಂಡಿನವರ ಥರ ಕಾಣ್ತೀವಿ" ಅಂತ ನಕ್ಕೆ. ನಾನೂ ನಕ್ಕೆ. ಹಸಿರು ಟೋಪಿ ಹುಡುಕುತ್ತೇನೆ ಅಂದು ಫೋನ್ ಇಟ್ಟುಬಿಟ್ಟೆ. ನಿನ್ನ ದನಿ ಕಿವಿಗೆ ಬಿದ್ದರೆ ನನ್ನ ಬಾಯಿಂದ ನಿನಗೆ ಇಷ್ಟವಾಗುವ ಮಾತೇ ಬರುತ್ತದೆ, ನಿಜ ಬರುವುದಿಲ್ಲ. ಅದಕ್ಕೇ ಈ ಕಾಗದ.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲುವುದಿಲ್ಲ. ಶುಕ್ರವಾರದ ಹಡಗಿನಲ್ಲಿ ಬಂದು ನಿನ್ನ ಒಳಕೋಣೆಯಲ್ಲಿ ಕೂತಿರುವ ಪೆಟ್ಟಿಗೆಗಳನ್ನು ಒಡೆಯಬೇಡ. ಕೋಲ್ ಮಗಳ ಮದುವೆಗೆಂದು ಇಟ್ಟುಹೋದ ಪೀಪಾಯಿಯ ಆ ವಿಸ್ಕಿಯನ್ನು, ಕೈಯಿಂದ ಕೈಗೆ ದಾಟಿಸಿ ಕುಡಿಯುವ ಮದುವೆಯ ಬಟ್ಟಲಿಗೆ ಸುರಿಯಬೇಡ. ಉನಾ ಅದನ್ನು ತುಟಿಗೆ ಇಡಬಾರದು, ಅವಳನ್ನು ಮದುವೆಯಾಗುವ ಹುಡುಗನೂ ಇಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ ನೀನು ಅದನ್ನು ಮೂಸಬಾರದು. ಅದು ಕೆಟ್ಟಿದೆ. ಚೆನ್ನಾಗಿದೆ ಎಂದು ಜುಲೈಯಲ್ಲಿ ನಾನು ಬರೆದ ಕಾಗದದಲ್ಲಿ ಒಂದು ಮಾತೂ ನಿಜವಲ್ಲ.

ನನ್ನ ಮೂಗು ಹೋಗಿದೆ ಶೋನಾ. ಜನವರಿಯಲ್ಲಿ ಜ್ವರ ಬಂದು ಹಾಸಿಗೆ ಹಿಡಿದಿದ್ದೆ ಎಂದು ಬರೆದಿದ್ದೆನಲ್ಲ, ಆ ಜ್ವರ ಬಿಟ್ಟು ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಮೊದಲು ನನಗೇ ತಿಳಿಯಲಿಲ್ಲ. ಒಂದು ದಿನ ಹೆರಿಂಗ್ ಮೀನನ್ನು ಬಾಣಲೆಗೆ ಹಾಕಿ ರೇಡಿಯೋ ಕೇಳುತ್ತಾ ಕೂತಿದ್ದೆ. ಪಕ್ಕದ ಮನೆಯ ಕರ್ಸ್ಟಿ ಬಾಗಿಲು ತಳ್ಳಿಕೊಂಡು ಬಂದು, "ಏನೇ ಮಾರಾಯ್ತಿ, ಮನೇಗೇ ಬೆಂಕಿ ಇಟ್ಕೊಂಡಿದ್ದೀಯಾ?" ಎಂದು ಕಿರುಚಿದಾಗ ತಿರುಗಿ ನೋಡಿದೆ. ಮೀನು ಇದ್ದಿಲಾಗಿತ್ತು, ಅಡುಗೆಮನೆಯ ತುಂಬ ಹೊಗೆ. ಕಣ್ಣು ಉರಿಯುತ್ತಿದ್ದದ್ದು ನಿಜ, ಅದು ವಯಸ್ಸಿನದು ಅಂದುಕೊಂಡಿದ್ದೆ. ಕರ್ಸ್ಟಿ ಹೋದ ಮೇಲೆ ಮನೆಯಲ್ಲಿದ್ದ ಒಂದೊಂದೇ ಡಬ್ಬಿ ತೆಗೆದು ಮೂಸಿದೆ. ಚಹಾ, ಈರುಳ್ಳಿ, ಸೀಮೆಎಣ್ಣೆ, ಬಟ್ಟೆಯ ಸೋಪು. ಎಲ್ಲವೂ ತಣ್ಣನೆಯ ಗಾಳಿ.

ಬೇರೆ ಯಾರಿಗಾದರೂ ಹೀಗಾಗಿದ್ದರೆ ವೈದ್ಯರ ಹತ್ತಿರ ಹೋಗಿ ಅತ್ತು ಬರುತ್ತಿದ್ದರು. ನಾನು ವಿಸ್ಕಿ ಭಟ್ಟಿಯ ಉಗ್ರಾಣದಲ್ಲಿ ಪೀಪಾಯಿಗಳನ್ನು ಮೂಸುವವಳು. ಯಾವುದು ಹಣ್ಣಾಗಿದೆ, ಯಾವುದು ಇನ್ನೂ ಹಸಿ, ಯಾವುದರ ಮರ ಹಾಳಾಗಿ ಒಳಗಿನದನ್ನೂ ಹಾಳುಮಾಡಿದೆ, ಅದನ್ನು ಹೇಳುವುದೇ ನನ್ನ ಕೆಲಸ. ಆ ಕೆಲಸಕ್ಕೆ ಹೆಂಗಸು ಬಂದಳು ಅಂತ ಮೊದಮೊದಲು ಗಂಡಸರು ಎಷ್ಟು ಆಡಿಕೊಂಡರು, ನಿನಗೆ ನೆನಪಿರಬಹುದು. ಆಮೇಲೆ ಅವರೇ ನನಗೆ 'ಮೂಗಿನ ಮಾರ್ಸಲಿ' ಎಂದು ಹೆಸರಿಟ್ಟರು. ಅಂಗಡಿಯಲ್ಲಿ, ಚರ್ಚಿನಲ್ಲಿ, ಹಡಗುಕಟ್ಟೆಯಲ್ಲಿ ಎಲ್ಲ ಕಡೆ ನಾನು ಮೂಗಿನ ಮಾರ್ಸಲಿ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದೊಬ್ಬ ತಮ್ಮ ಕೋಲನೂ ಹೋದ. ಮೂಗೂ ಇಲ್ಲವೆಂದರೆ ಉಳಿಯುವ ಮಾರ್ಸಲಿ ಯಾರೆಂದು ನನಗೇ ಗೊತ್ತಿರಲಿಲ್ಲ. ಅದಕ್ಕೇ ಮುಚ್ಚಿಟ್ಟೆ. ವಾಪಸ್ ಬರುತ್ತದೆ, ಈಸ್ಟರ್‌ವರೆಗೆ ನೋಡೋಣ ಅಂದುಕೊಂಡೆ. ಈಸ್ಟರ್ ಬಂತು, ಹೋಯಿತು.

ಮುಚ್ಚಿಡುವುದು ಎಷ್ಟು ಸುಲಭವಾಗಿತ್ತು ಅಂತ ಹೇಳಿದರೆ ನಗುತ್ತೀಯ. ಉಗ್ರಾಣದಲ್ಲಿ ನನ್ನ ಜೊತೆಗಿರುವ ಟಾರ್ಕಿಲ್ ಬಿರಡೆ ತೆಗೆದು, ತಾಮ್ರದ ಉದ್ದ ನಳಿಗೆ ಇಳಿಬಿಟ್ಟು, ಗ್ಲಾಸಿಗೆ ಎರಡು ಗುಟುಕು ಹಾಕಿ ಕೊಡುತ್ತಾನೆ. ನಾನು ಎಂದಿನಂತೆ ಅಂಗೈಗೆ ಒಂದು ಹನಿ ಹಾಕಿ ಉಜ್ಜುತ್ತೇನೆ, ಮೂಗಿನ ಹತ್ತಿರ ತರುತ್ತೇನೆ, ಕಣ್ಣು ಮುಚ್ಚುತ್ತೇನೆ. ಆಮೇಲೆ ಗ್ಲಾಸನ್ನು ಅವನಿಗೆ ಕೊಟ್ಟು, "ನೀನೇನಂತೀಯ ಟಾರ್ಕಿಲ್?" ಅನ್ನುತ್ತೇನೆ. ಇಷ್ಟು ವರ್ಷ ಒಂದು ದಿನವೂ ಅವನ ಅಭಿಪ್ರಾಯ ಕೇಳಿದವಳಲ್ಲ ನಾನು. ಅವನು ಖುಷಿಯಾಗಿ ಉದ್ದಕ್ಕೆ ಹೇಳುತ್ತಾನೆ. ನಾನು ಹುಬ್ಬು ಗಂಟಿಕ್ಕಿ, "ಪರವಾಗಿಲ್ಲ, ಕಲಿತಿದ್ದೀಯ" ಅನ್ನುತ್ತೇನೆ. ಪಾಪ, ಮನೆಗೆ ಹೋಗಿ ಹೆಂಡತಿಗೆ ಹೇಳಿದನಂತೆ, "ಮಾರ್ಸಲಿ ಮೆತ್ತಗಾಗಿದ್ದಾಳೆ ಕಣೇ, ವಯಸ್ಸಾಯ್ತು ನೋಡು" ಅಂತ.

ಜುಲೈಯಲ್ಲಿ ನಿನ್ನ ಕಾಗದ ಬಂತು.

ಅದರಲ್ಲಿ ನೀನು ಕೇಳಿದ್ದು ದೊಡ್ಡದೇನೂ ಅಲ್ಲ. ಉನಾ ಮದುವೆ ನಿಶ್ಚಯವಾಗಿದೆ, ಪೀಪಾಯಿ ಖಾಲಿ ಮಾಡಿಸುವ ಮೊದಲು ನೀವೊಮ್ಮೆ ಮೂಸಿ ಹೇಗಿದೆ ಬರೆಯಿರಿ ಅಂದಿದ್ದೆ. ಭಟ್ಟಿಯ ಕ್ರಮ ನಿನಗೂ ಗೊತ್ತಿತ್ತು. ಕೆಲಸಗಾರನಿಗೆ ಉಡುಗೊರೆ ಕೊಟ್ಟ ಪೀಪಾಯಿ ಕೆಟ್ಟಿದ್ದರೆ, ಖಾಲಿ ಮಾಡುವ ಮೊದಲು ಹೇಳಿದರೆ, ಅದೇ ವಯಸ್ಸಿನ ಬೇರೊಂದನ್ನು ಕೊಡುತ್ತಾರೆ. ಖಾಲಿಯಾದ ಮೇಲೆ ಒಳಗಿದ್ದದ್ದು ನಿಮ್ಮದು, ಚೆನ್ನಾಗಿರಲಿ, ಬಿಡಲಿ. ನಮ್ಮ ಮ್ಯಾನೇಜರ್ ಫಿಂಡ್ಲೇ ಕೂಡ, "ಮಾರ್ಸಲಿ ಒಂದು ಮಾತು ಹೇಳಲಿ, ಸಾಕು" ಅಂದಿದ್ದ.

ಆದರೆ ನಿನ್ನ ಕಾಗದದ ಕೊನೆಯಲ್ಲಿ ಇನ್ನೊಂದು ವಿಷಯ ಇತ್ತು. ಅದನ್ನು ಓದಿ ನಾನು ಹಡಗುಕಟ್ಟೆಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೋಲನ ಉಣ್ಣೆಯ ಜರ್ಸಿಯನ್ನು ಇಷ್ಟು ವರ್ಷ ಒಗೆಯದೆ ಪೆಟ್ಟಿಗೆಯಲ್ಲಿಟ್ಟಿದ್ದೀಯಂತೆ. ಅವನ ಹುಟ್ಟುಹಬ್ಬದ ದಿನ ಮಾತ್ರ ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದೆಯಂತೆ. ಈ ಸಲ ತೆಗೆದರೆ ಹೊಗೆ ಇರಲಿಲ್ಲ, ಬರೀ ಹಳೆಯ ಉಣ್ಣೆ. "ನಾನು ಕುಡಿಯೋದಿಲ್ಲ ಅತ್ತಿಗೆ, ನಿಮಗೆ ಗೊತ್ತು. ಆದರೆ ಆ ಬಟ್ಟಲು ನನ್ನ ಹತ್ತಿರ ಬಂದಾಗ ಒಮ್ಮೆ ಮೂಸುತ್ತೇನೆ. ಅವರು ಕೆಲಸ ಮುಗಿಸಿ ಬಂದ ವಾಸನೆ ಇನ್ನೊಂದು ಸಲ ಸಿಕ್ಕಿದರೆ ಸಾಕು" ಎಂದು ಬರೆದಿದ್ದೆ.

ಅವನ ಹೊಗೆಯ ವಾಸನೆ ಯಾವುದೆಂದು ಈ ಭೂಮಿಯ ಮೇಲೆ ಗೊತ್ತಿರುವವರು ನಾವಿಬ್ಬರೇ. ಉನಾಗೆ ಅಷ್ಟು ನೆನಪಿಲ್ಲ. ಅವನು ಭಟ್ಟಿಯ ಒಲೆಮನೆಗೆ ಸೇರಿದಾಗ ನಮ್ಮಮ್ಮ ಅವನ ಬಟ್ಟೆಗಳನ್ನು ಬೇರೆ ತೊಟ್ಟಿಯಲ್ಲಿ ಒಗೆಯುತ್ತಿದ್ದಳು. ಮೊಳಕೆ ಬಂದ ಬಾರ್ಲಿಯನ್ನು ಮೇಲೆ ಹರಡಿ, ಕೆಳಗೆ ನಮ್ಮ ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಮಣ್ಣಿನ ಹೆಂಟೆಗಳನ್ನು ಹಾಕಿ ಕೂರುತ್ತಿದ್ದ. ಅದಕ್ಕೆ ಉರಿ ಹತ್ತಬಾರದು, ಹೊಗೆಯಷ್ಟೇ ಏಳಬೇಕು. ಉರಿ ಎದ್ದರೆ ಒದ್ದೆ ಪುಡಿ ಎರಚಿ, ಬೈದು, ಮಲಗಿಸುತ್ತಿದ್ದ. "ನನ್ನ ಹೆಂಡತಿಗಿಂತ ಇದನ್ನ ಸಮಾಧಾನ ಮಾಡೋದೇ ಜಾಸ್ತಿ" ಅಂತ ಹೇಳುತ್ತಿದ್ದದ್ದು ನಿನ್ನ ಕಿವಿಗೂ ಬಿದ್ದಿತ್ತು, ಒಂದು ವಾರ ಅವನಿಗೆ ತಣ್ಣನೆಯ ಗಂಜಿ ಬಡಿಸಿದ್ದೆ. ಎಪ್ಪತ್ತೆಂಟರಲ್ಲಿ ಆ ಒಲೆ ಆರಿಸಿ, ಬಾರ್ಲಿಯನ್ನು ಹೊರಗಿನಿಂದ ಲಾರಿಯಲ್ಲಿ ತರಿಸಲು ಶುರುಮಾಡಿದಾಗ, ಅವನ ಕೈಯ ಕೊನೆಯ ಹೊಗೆ ಕುಡಿದ ಬಾರ್ಲಿಯಿಂದ ಇಳಿಸಿದ್ದರಲ್ಲಿ ಒಂದು ಪೀಪಾಯಿಯನ್ನು ಅವನಿಗೇ ಕೊಟ್ಟರು. ಅದರ ಮುಖದ ಮೇಲೆ ಅವನು ಸೀಮೆಸುಣ್ಣದಲ್ಲಿ 'ಉನಾ ಮದುವೆಗೆ' ಎಂದು ಬರೆದ. ಹುಡುಗಿಗೆ ಆಗ ಹತ್ತು ವರ್ಷ. "ಯಾರು ಮದ್ವೆ ಆಗ್ತಾರೋ ಇವಳನ್ನ, ಇಷ್ಟು ಜಗಳಗಂಟಿ" ಎಂದು ನಕ್ಕಿದ್ದೆವು.

ನಿನ್ನ ಕಾಗದ ಬಂದ ಮರುದಿನ ಟಾರ್ಕಿಲ್ ಮುಖ್ಯಭೂಮಿಗೆ ಹಲ್ಲಿನ ವೈದ್ಯರ ಹತ್ತಿರ ಹೋಗಿದ್ದ. ಅವತ್ತೇ ಆ ಕೆಲಸ ಮುಗಿಸೋಣವೆಂದು ನಾನೊಬ್ಬಳೇ ಕೋಲನ ಪೀಪಾಯಿಯ ಬಿರಡೆ ತೆಗೆದೆ. ನಳಿಗೆ ಇಳಿಸಿದೆ. ಬಣ್ಣ ಎಷ್ಟು ಚೆನ್ನಾಗಿತ್ತು ಗೊತ್ತೇ, ಕಿಟಕಿಯ ಬೆಳಕಿಗೆ ಹಿಡಿದರೆ ಜೇನಿನ ಹಾಗೆ. ಮೂಗಿಗೆ ಹಿಡಿದೆ. ದೇವರೇ, ಇದೊಂದು ಸಲ ಕೊಡು, ಆಮೇಲೆ ಬೇಡ ಎಂದು ಕೇಳಿಕೊಂಡೆ. ಏನೂ ಬರಲಿಲ್ಲ. ನನ್ನ ತಮ್ಮ ಆ ಗ್ಲಾಸಿನೊಳಗಿದ್ದಾನೆ, ನಾನು ಹೊರಗೆ ನಿಂತು ಬಾಗಿಲು ಬಡಿಯುತ್ತಿದ್ದೇನೆ ಅನ್ನಿಸಿತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಅವತ್ತೇ ನಿನಗೆ ಉತ್ತರ ಬರೆದೆ. ಏನು ಬರೆದೆ ಎಂದು ನಿನಗೆ ಬಾಯಿಪಾಠ ಆಗಿರಬೇಕು. ಕೋಲ್ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ನಿಂತ ಹಾಗಿದೆ, ಮೊದಲು ಹೊಗೆ, ಆಮೇಲೆ ಒದ್ದೆ ಉಣ್ಣೆ, ಅವನು ಹತ್ತಿರ ಬಂದ ಮೇಲೆ ಸ್ವಲ್ಪ ಸಿಹಿ. ಹೀಗೆ ಬರೆದೆ. ಅದು ಪೀಪಾಯಿಯಲ್ಲಿದ್ದ ವಾಸನೆಯಲ್ಲ, ನನ್ನ ತಲೆಯಲ್ಲಿದ್ದದ್ದು. ಕೆಟ್ಟಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕಿತ್ತು ಹೇಳು, ಮೂಗೇ ಇಲ್ಲದವಳಿಗೆ? ಕೋಲನ ಹೊಗೆ ಕೆಡುವುದುಂಟೇ ಅಂದುಕೊಂಡೆ. ಚೆನ್ನಾಗಿಯೇ ಇರುತ್ತದೆ, ನಾನು ಹೇಳಿದ್ದು ನಿಜವೇ ಆಗುತ್ತದೆ ಎಂದು ನಂಬಿದೆ. ಫಿಂಡ್ಲೇಗೂ ಹೇಳಿದೆ, "ಬದಲಿ ಬೇಡ, ಇದು ಚಿನ್ನ" ಅಂತ.

ಆಮೇಲೆ ಉನಾ ಫೋನ್ ಮಾಡಿದಳು. "ಅತ್ತೆ, ನಿನ್ ಕಾಗ್ದ ಅಮ್ಮ ಓದಿದ್ಲು, ಇಬ್ರೂ ಕೂತು ಅತ್ವಿ. ನೀನು ಅಪ್ಪನ್ನ ಮದ್ವೆಗೆ ಕರ್ಕೊಂಡ್ ಬರ್ತಿದ್ದೀಯ ಗೊತ್ತಾ?" ಅಂದಳು. ಆಗಲಾದರೂ ಹೇಳಬಹುದಿತ್ತು, ಪೀಪಾಯಿ ಇನ್ನೂ ತುಂಬಿತ್ತು. "ಮೂಗೊರೆಸ್ಕೊ ಹುಡುಗಿ, ಮದುಮಗಳು ಹಾಗೆಲ್ಲ ಅಳಬಾರ್ದು" ಅಂದೆ ಅಷ್ಟೇ. ಅವಳ ಹುಡುಗ ಅಚ್ಚುಕೂಟದವನು ತಾನೇ, ನನ್ನ ಮಾತನ್ನೇ ಲೇಬಲ್ಲಿನ ಮೇಲೆ ಹಾಕಿಸುತ್ತೇವೆ ಎಂದಳು. ಬೇಡ ಅನ್ನಲು ಕಾರಣ ಏನು ಕೊಡಲಿ? ಬೇಡ ಎಂದೆ, ನಾಚಿಕೆ ಅಂದುಕೊಂಡಳು. ಹೀಗೆ 'ಬಾಗಿಲಲ್ಲಿ ಕೋಲ್ ನಿಂತ ಹಾಗೆ, ಎನ್ನುತ್ತಾಳೆ ಅವನ ಅಕ್ಕ ಮಾರ್ಸಲಿ' ಎಂದು ಒಂದೊಂದು ಬಾಟಲಿಯ ಮೇಲೂ ಅಚ್ಚಾಗಿ ಕೂತಿದೆ. ನನ್ನ ಸುಳ್ಳಿಗೆ ಚಿನ್ನದ ಬಣ್ಣದ ಅಂಚು ಕೂಡ ಹಾಕಿದ್ದಾರೆ.

ಹೋದ ಗುರುವಾರ ಪೀಪಾಯಿಯನ್ನು ಉರುಳಿಸಿ ತಂದು ತೊಟ್ಟಿಗೆ ಖಾಲಿ ಮಾಡಿದರು. ಕೋಲನದು ಅಂತ ಕೆಲಸ ಬಿಟ್ಟು ಎಲ್ಲರೂ ಬಂದಿದ್ದರು. ನಿವೃತ್ತರಾದವರೂ ಬಂದಿದ್ದರು. ಟೋಪಿ ತೆಗೆದು ನಿಂತಿದ್ದರು, ಹಾಡು ಹೇಳೋಣವೇ ಎಂದು ಯಾರೋ ಕೇಳುತ್ತಿದ್ದರು. ವಿಸ್ಕಿ ತೊಟ್ಟಿಗೆ ಬಿದ್ದ ಮೇಲೆ ಮುಂದೆ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಒಬ್ಬೊಬ್ಬರೇ ಮುಖ ಮುಖ ನೋಡಿಕೊಂಡರು. ನಾನು ಅವರ ಮುಖಗಳನ್ನೇ ಓದುತ್ತಿದ್ದೆ, ಈ ಆರು ತಿಂಗಳಲ್ಲಿ ಅದೊಂದು ವಿದ್ಯೆ ಬಂದಿದೆ ನನಗೆ. ಕೊನೆಗೆ ಟಾರ್ಕಿಲ್ ನಿಧಾನವಾಗಿ, "ಮಾರ್ಸಲಿ, ಇದನ್ನ ನೀನು ಮೂಸಿದ್ದೆ ತಾನೇ?" ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಗ್ಲಾಸು ಕೊಟ್ಟರು. ನಾನು ಅಂಗೈಗೆ ಹಾಕಿ ಉಜ್ಜಿದೆ, ಕಣ್ಣು ಮುಚ್ಚಿದೆ, ಇಡೀ ನಾಟಕ ಆಡಿದೆ. ಕಣ್ಣು ಬಿಟ್ಟು, "ಇಷ್ಟು ವರ್ಷ ಕತ್ತಲಲ್ಲಿದ್ದದ್ದು, ಸ್ವಲ್ಪ ಗಾಳಿ ಆಡ್ಲಿ. ನಿಮಗೆಲ್ಲ ಲಾರೀಲಿ ಬಂದ ಬಾರ್ಲಿ ಅಭ್ಯಾಸ ಆಗಿ ಹಳೇ ಹೊಗೆ ಮರ್ತೋಗಿದೆ" ಎಂದು ಗದರಿದೆ.

ಅವರು ನಂಬಿದರು ಶೋನಾ. ಮೂಗಿರುವ ಹತ್ತು ಹದಿನೈದು ಜನ, ಹುಟ್ಟಿದಾಗಿನಿಂದ ಇದೇ ಗಾಳಿ ಕುಡಿದವರು, ತಮ್ಮ ಮೂಗನ್ನು ಬಿಟ್ಟು ಮೂಗಿಲ್ಲದ ನನ್ನನ್ನು ನಂಬಿದರು. ಮುದುಕ ಗಿಲ್ಲೀಸ್ ಇನ್ನೊಂದು ಸಲ ಮೂಸಿ, "ಹೌದಪ್ಪಾ, ಈಗ ಬಂತು. ಅದೇ ಹೊಗೆ. ಕೋಲನೇ" ಎಂದು ಕಣ್ಣೊರೆಸಿಕೊಂಡ. ಅವನ ಹಿಂದೆ ಇನ್ನಿಬ್ಬರು ತಲೆಯಾಡಿಸಿದರು. ಸಂಜೆಯೊಳಗೆ ಬಾಟಲಿಗಳಿಗೆ ತುಂಬಿ ಲೇಬಲ್ ಅಂಟಿಸಿ ಪೆಟ್ಟಿಗೆ ಕಟ್ಟಿದರು. ಶುಕ್ರವಾರ ಅವು ಹಡಗು ಹತ್ತಿದವು.

ಶನಿವಾರ ನಾನು ಬಟ್ಟೆ ಹರವುತ್ತಿದ್ದಾಗ ಟಾರ್ಕಿಲ್ ಬಂದ. ಕೈಯಲ್ಲಿ ಔಷಧದ ಸಣ್ಣ ಸೀಸೆ, ಅದರ ತಳದಲ್ಲಿ ಎರಡು ಬೆರಳಷ್ಟು ಜೇನುಬಣ್ಣ. ತೊಟ್ಟಿಯಿಂದ ಒಂದಿಷ್ಟು ಮನೆಗೆ ಒಯ್ದಿದ್ದನಂತೆ. "ನನಗೆ ನೆಗಡಿ ಇರ್ಬೇಕು, ನನ್ ಮೂಗೇ ಕೆಟ್ಟಿರ್ಬೇಕು ಅಂತ ಎರಡು ದಿನ ನೋಡ್ದೆ. ಇವತ್ತು ಬೆಳಿಗ್ಗೆ ನನ್ನವಳ ಕೈಗೆ ಕೊಟ್ಟೆ. ಯಾವ ಚರಂಡಿದು ಇದು ಅಂದ್ಲು" ಎಂದ. ನಾನು ಬಾಯಲ್ಲಿದ್ದ ಕ್ಲಿಪ್ ತೆಗೆದು ಇನ್ನೊಂದು ಬಟ್ಟೆಗೆ ಸಿಕ್ಕಿಸಿದೆ, ಅವನು ಬಿಡಲಿಲ್ಲ. "ಉರಿದ ಕಡ್ಡಿಪೆಟ್ಟಿಗೆ, ಕೊಳೆತ ಮೊಟ್ಟೆ. ಕೆಳಗೆಲ್ಲೋ ಹೊಗೆ ಇದೆ, ಆದ್ರೆ ಸತ್ತವರ ಮನೆ ಹೊಗೆ. ಇದು ನಿನಗೆ ಗೊತ್ತಾಗ್ಲಿಲ್ಲ ಅಂದ್ರೆ ನಾನು ನಂಬಲ್ಲ. ಗೊತ್ತಾಗಿಯೂ ಹಾಗಂದೆ ಅಂದ್ರೆ ಅದನ್ನೂ ನಂಬಲ್ಲ. ಏನಾಗಿದೆ ಹೇಳೇ ನಿನಗೆ?"

ಹೇಳಿದೆ. ಅಲ್ಲೇ, ಒದ್ದೆ ಹಾಸಿಗೆವಸ್ತ್ರಗಳ ನಡುವೆ. ಅವನು ಬೈಯುತ್ತಾನೆಂದು ಕಾದೆ. ಬೈಯಲಿಲ್ಲ. ಸೀಸೆಯನ್ನು ಜೇಬಿಗೆ ಹಾಕಿಕೊಂಡು, "ನನ್ನ ಅಭಿಪ್ರಾಯ ಕೇಳ್ತಿದ್ದೆಯಲ್ಲ, ಅದು ಇದಕ್ಕಾ?" ಎಂದ. ಹೌದು ಅಂದೆ. ಅವನ ಮುಖ ಚಿಕ್ಕದಾಯಿತು. ಅದೊಂದು ನೋವನ್ನೂ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಹೋಗುವಾಗ, "ಒಬಾನಿಗೆ, ಶೋನಾ ಮನೆಗೆ ನಾನು ಫೋನ್ ಮಾಡಲ್ಲ. ಆ ಹೆಣ್ಣುಮಗಳಿಗೆ ನೀನೇ ಹೇಳು. ಹೇಳ್ದೇ ಇದ್ರೆ ಮದ್ವೆ ದಿನ ನಾನೇ ಎದ್ದು ನಿಂತು ಆ ಬಟ್ಟಲು ಕಿತ್ಕೋತೀನಿ, ಮರ್ಯಾದೆ ಹೋದ್ರೆ ಹೋಗ್ಲಿ" ಅಂದ. ಅವನು ಮಾಡುವವನೇ.

ಪೀಪಾಯಿಗೆ ಏನಾಗಿತ್ತು ಎಂದು ಕೇಳುತ್ತೀಯ. ಸ್ಪೇನಿನಿಂದ ಬಂದ ದ್ರಾಕ್ಷಾರಸದ ಪೀಪಾಯಿ ಅದು. ಹುಳಿ ಹಿಡಿಯದಿರಲೆಂದು ಅಂಥವುಗಳೊಳಗೆ ಗಂಧಕದ ಬತ್ತಿ ಉರಿಸಿ ಕಳಿಸುತ್ತಾರೆ. ಕೆಲವಕ್ಕೆ ಅದು ಮರದೊಳಗೇ ಇಳಿದು ಕೂರುತ್ತದೆ. ಆ ಪೀಪಾಯಿಯನ್ನು ಆರಿಸಿದವನು ಕೋಲನೇ. ಮಗಳಿಗೆ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚೆಂದದ್ದು ಬೇಕೆಂದು ಅಂಗಳದಲ್ಲಿ ಅದನ್ನು ತಟ್ಟಿ ತಟ್ಟಿ ನೋಡಿದ. ಒಲೆಮನೆಯಲ್ಲಿ ಕೂತು ಕೂತು ಅವನ ಮೂಗಿನಲ್ಲಿ ಹೊಗೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ನನ್ನನ್ನು ಕರೆದಿದ್ದರೆ ನಾನು ಮೂಸಿ ಬೇಡ ಅನ್ನುತ್ತಿದ್ದೆ, ಕರೆಯಲಿಲ್ಲ. ನೋಡಿದೆಯಾ, ಇಲ್ಲಿಗೆ ಬಂದು ತಪ್ಪನ್ನು ಸತ್ತವನ ತಲೆಗೆ ಕಟ್ಟಲು ಹೊರಟಿದ್ದೇನೆ. ಕೆಟ್ಟ ಪೀಪಾಯಿ ಆರಿಸಿದ್ದು ಅವನ ಪ್ರೀತಿ. ಅದು ಕೆಟ್ಟಿದ್ದರೆ ಹೇಳುವುದು ನನ್ನ ಕೆಲಸವಾಗಿತ್ತು. ಇಡೀ ಐಲಾದಲ್ಲಿ ನನ್ನೊಬ್ಬಳದೇ ಕೆಲಸ.

ಈಗ ಏನು ಮಾಡಬೇಕೆಂದು ನಿನಗೆ ಹೇಳಲು ನನಗೆ ಬಾಯಿಲ್ಲ. ಆದರೂ ಹೇಳುತ್ತೇನೆ. ಪೆಟ್ಟಿಗೆಗಳನ್ನು ಹಾಗೇ ಇಡು. ಮದುವೆಯ ಎರಡು ಹಿಡಿಯ ಆ ಬಟ್ಟಲಿಗೆ ಪೇಟೆಯಲ್ಲಿ ಸಿಗುವ ಯಾವ ಒಳ್ಳೆಯ ವಿಸ್ಕಿಯನ್ನಾದರೂ ಹಾಕಿ. ಉನಾಗೆ ನಿಜ ಹೇಳು. ಅಪ್ಪನ ಹೊಗೆ ಕೆಟ್ಟಿತು ಅನ್ನಬೇಡ, ಅತ್ತೆ ಸುಳ್ಳು ಹೇಳಿದಳು ಅನ್ನು. ಅವಳು ನನ್ನ ಮೇಲೆ ಕೂಗಾಡಲಿ. ಜಗಳಗಂಟಿ ಅಂತ ಸುಮ್ಮನೆ ಹೇಳಲಿಲ್ಲ ನಾವು. ನೀನೂ ಬೈದುಬಿಡು. ನೀನು ಬೈಯುವವಳಲ್ಲ, ಸುಮ್ಮನಾಗುವವಳು, ಅದೇ ನನಗೆ ಭಯ.

ನಾನು ಮದುವೆಗೆ ಬರಬೇಕೋ ಬೇಡವೋ ನೀನು ಹೇಳು. ಬಾ ಅಂದರೆ ಬಂದು, ಎಲ್ಲರ ಮುಂದೆ ನಿಂತು, ಆ ಲೇಬಲ್ ನನ್ನ ಸುಳ್ಳು ಎಂದು ಹೇಳಿ ಕೂರುತ್ತೇನೆ. ಬೇಡ ಅಂದರೆ ಮದುವೆಯ ಶನಿವಾರ ಮನೆಯಲ್ಲೇ ಇರುತ್ತೇನೆ. ಎರಡಕ್ಕೂ ನಾನು ತಯಾರು ಅಂತ ಬರೆಯುತ್ತಿದ್ದೇನೆ, ನಿಜವಾಗಿ ಎರಡಕ್ಕೂ ತಯಾರಿಲ್ಲ. ಉನಾ ಬಿಳಿ ಬಟ್ಟೆಯಲ್ಲಿ ಚರ್ಚಿನ ಬಾಗಿಲಿಗೆ ಬರುವುದನ್ನು ನೋಡಬೇಕೆಂದು ತುಂಬ ಆಸೆ ಇದೆ. ಅದನ್ನು ಹೇಳಿಬಿಟ್ಟೆ, ಹೇಳಬಾರದಿತ್ತೇನೋ.

ಈ ಕಾಗದವನ್ನು ಡಬ್ಬಿಗೆ ಹಾಕಿ ಅಲ್ಲಿಂದಲೇ ಫಿಂಡ್ಲೇ ಕೋಣೆಗೆ ಹೋಗುತ್ತೇನೆ. ಫೆಬ್ರವರಿಯಿಂದ ನಾನು ಹೂಂ ಅಂದ ಪೀಪಾಯಿಗಳನ್ನೆಲ್ಲ ಮತ್ತೆ ತೆರೆದು ಮೂಸಬೇಕಾಗುತ್ತದೆ, ಅದನ್ನು ಟಾರ್ಕಿಲ್ ಮಾಡಲಿ. ಉಗ್ರಾಣದ ಬೀಗದ ಕೈಯನ್ನು ಅವನಿಗೆ ಕೊಟ್ಟುಬಿಡುತ್ತೇನೆ. ಊರವರು ಇನ್ನು ಯಾವ ಹೆಸರು ಇಡುತ್ತಾರೋ ಇಡಲಿ.

ನಿನಗೆ ಒಂದೇ ಒಂದು ಸಲ ಕೋಲನ ವಾಸನೆ ಬೇಕಿತ್ತು. ಅದನ್ನು ನಾನು ಕೊಡುವ ಹಾಗಿರಲಿಲ್ಲ. ಇಲ್ಲ ಎಂದು ಹೇಳುವ ಹಾಗಿತ್ತು, ಅದನ್ನೂ ಮಾಡಲಿಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ ಶೋನಾ, ಅದು ನಿನಗೆ ಇನ್ನೊಂದು ಕೆಲಸ ಹಚ್ಚಿದ ಹಾಗೆ. ಆದರೆ ನನಗೆ ಬಹಳ ಸಂಕಟವಾಗಿದೆ. ಇದು ನಿಜವೆಂದು ನಂಬು, ನಂಬಲು ನಾನು ಕಾರಣ ಉಳಿಸಿಲ್ಲದಿದ್ದರೂ.

ತಲೆ ತಗ್ಗಿಸಿಕೊಂಡು,
ನಿನ್ನ ಅತ್ತಿಗೆ
ಮಾರ್ಸಲಿ

ತಾ.ಕ.: ಲಕೋಟೆ ಅಂಟಿಸಿ ಕೋಟು ಹಾಕಿಕೊಂಡಿದ್ದೆ. ಮತ್ತೆ ಬಿಚ್ಚಿ ಕೂತಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಕಡೆ ಮತ್ತೆ ಜಾರಿಕೊಂಡಿದ್ದೇನೆ. ಕೆಟ್ಟಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕಿತ್ತು ಅಂದೆನಲ್ಲ, ಗೊತ್ತಾಗಿತ್ತು. ಜುಲೈಯ ಆ ದಿನ ಮೂಗಿಗೆ ಏನೂ ಬರದಿದ್ದಾಗ ಒಂದು ಗುಟುಕು ಬಾಯಿಗೆ ಹಾಕಿಕೊಂಡಿದ್ದೆ. ಜ್ವರ ಮೂಗನ್ನು ಒಯ್ದಿತ್ತು, ನಾಲಿಗೆಯನ್ನಲ್ಲ. ತುಕ್ಕು ಹಿಡಿದ ಮೊಳೆ ನೆಕ್ಕಿದಂಥ ಕಹಿ, ಗಂಟಲಿಗೆ ಹತ್ತಿ ಇಳಿಯದೆ ನಿಂತಿತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ ಅದೇನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರುದಿನ ಟಾರ್ಕಿಲನನ್ನು ಕರೆದು ತೋರಿಸಿದ್ದರೆ ಸಾಕಿತ್ತು, ಉನಾಗೆ ಬದಲಿ ಪೀಪಾಯಿ ಸಿಗುತ್ತಿತ್ತು. ಆದರೆ ಅವನು ಮೂಸಿದ ಕೂಡಲೇ, ಇಷ್ಟು ನಾರುವುದನ್ನು ಬಾಯಿಗೆ ಯಾಕೆ ಹಾಕಿಕೊಂಡೆ ಎಂದು ಕೇಳುತ್ತಿದ್ದ, ನನ್ನ ಮೂಗಿನ ಗುಟ್ಟು ಹೊರಬೀಳುತ್ತಿತ್ತು. ಗ್ಲಾಸಿನಲ್ಲಿದ್ದದ್ದನ್ನು ನೆಲಕ್ಕೆ ಚೆಲ್ಲಿದೆ, ಬಿರಡೆ ಹೊಡೆದೆ, ಹೊರಗಿನ ನಲ್ಲಿಯಲ್ಲಿ ಬಾಯಿ ತೊಳೆದುಕೊಂಡೆ. ಆಮೇಲೆ ಮನೆಗೆ ಬಂದು ಕೂತು, ಬಾಗಿಲಲ್ಲಿ ಕೋಲ್ ನಿಂತ ಹಾಗಿದೆ ಎಂದು ನಿನಗೆ ಬರೆದೆ.